24 ಗಂಟೆಯೊಳಗೆ ಹಾಸ್ಟೆಲ್ ಖಾಲಿ ಮಾಡಿ ಎಂದರೆ ಮೊದಲು ಏನು ಮಾಡಬೇಕು?

ಪ್ರಶ್ನೆ: ನಾನು ರಾಜ್ಯ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ. ಮೂರನೇ ಸೆಮಿಸ್ಟರ್ ವಿದ್ಯಾರ್ಥಿನಿ. ಮಹಿಳಾ ಹಾಸ್ಟೆಲ್‌ನಲ್ಲಿ ಮೂವರು ಒಂದೇ ಕೋಣೆಯಲ್ಲಿದ್ದೇವೆ. ಕಳೆದ ವಾರ ರಾತ್ರಿ ಹನ್ನೊಂದರ ಮೇಲೆ ತಪಾಸಣೆಗೆ ಬಂದಾಗ ಕೋಣೆಯಲ್ಲಿ ಇಂಡಕ್ಷನ್ ಒಲೆ ಸಿಕ್ಕಿತು. ರೂಮ್‌ಮೇಟ್ ಕರೆತಂದಿದ್ದ ಹೊರಗಿನ ಗೆಳತಿಯೂ ಅಲ್ಲಿದ್ದಳು. ಒಲೆ ನನ್ನದೇ. ಆದರೆ ನಾನು ಊರಿನಿಂದ ಅಂದು ಸಂಜೆಯಷ್ಟೇ ಬಂದಿದ್ದೆ, ಆ ಗೆಳತಿ ಎರಡು ದಿನದಿಂದ ಇದ್ದದ್ದು ನನಗೆ ಗೊತ್ತಿರಲಿಲ್ಲ. ವಾರ್ಡನ್ ನನ್ನ ಫೋನ್ ತೆಗೆದುಕೊಂಡು ವಾಟ್ಸ್ಯಾಪ್ ನೋಡಿದರು. ನಾಲ್ಕು ದಿನ ಕಳೆದ ಮೇಲೆ ನೋಟಿಸ್ ಬೋರ್ಡಿನಲ್ಲಿ ಮೂವರ ಹೆಸರೂ ಬಂತು: ತಲಾ 5000 ರೂ. ದಂಡ, ಠೇವಣಿ ಮುಟ್ಟುಗೋಲು, 24 ಗಂಟೆಯೊಳಗೆ ಕೋಣೆ ಖಾಲಿ. ತಪ್ಪೊಪ್ಪಿಗೆ ಬರೆದುಕೊಟ್ಟರೆ ನೋಡೋಣ ಎನ್ನುತ್ತಿದ್ದಾರೆ. ಮುಂದಿನ ತಿಂಗಳು ಪರೀಕ್ಷೆ. ಇದು ಸರಿಯೇ? ಹುಡುಗರ ಹಾಸ್ಟೆಲ್ ಗೇಟು ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ನಮ್ಮದು ಏಳೂವರೆಗೇ ಮುಚ್ಚುತ್ತದೆ. ಅದನ್ನೂ ಪ್ರಶ್ನಿಸಬಹುದೇ?

ಉತ್ತರ: ಒಲೆ ಇಟ್ಟುಕೊಂಡದ್ದು ತಪ್ಪು. ಆ ತಪ್ಪಿಗೆ ಶಿಕ್ಷೆ ಕೊಟ್ಟ ರೀತಿ ಅದಕ್ಕಿಂತ ದೊಡ್ಡ ತಪ್ಪು. ಈ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಮಾತಾಡಿದರೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ. ಒಲೆಯನ್ನೇ ಸಮರ್ಥಿಸಲು ಹೋದರೆ ಸಮಿತಿಯವರ ಕಿವಿ ಅಲ್ಲಿಗೇ ಮುಚ್ಚುತ್ತದೆ.

ಒಲೆಯ ನಿಯಮಕ್ಕೆ ಕಾರಣವಿದೆ. ಹಾಸ್ಟೆಲ್ ಕೋಣೆಗಳ ಸಾಮಾನ್ಯ ಸಾಕೆಟ್ 6 ಆಂಪಿಯರ್‌ನದು. 230 ವೋಲ್ಟ್‌ಗೆ ಅದು ತಾಳುವುದು ಸುಮಾರು 1380 ವ್ಯಾಟ್. ಇಂಡಕ್ಷನ್ ಒಲೆ ಪೂರ್ತಿ ಉರಿಯಲ್ಲಿ 1800ರಿಂದ 2000 ವ್ಯಾಟ್, ಅಂದರೆ ಎಂಟು-ಒಂಬತ್ತು ಆಂಪಿಯರ್ ಎಳೆಯುತ್ತದೆ. ಎಂ.ಸಿ.ಬಿ. (ಹೊರೆ ಹೆಚ್ಚಾದಾಗ ವಿದ್ಯುತ್ ಕಡಿಯುವ ಸ್ವಿಚ್) ಬಿದ್ದರೆ ಇಡೀ ಸಾಲಿನ ಕೋಣೆಗಳು ಕತ್ತಲು. ಬೀಳದೇ ಇದ್ದರೆ ಇನ್ನೂ ಅಪಾಯ, ಗೋಡೆಯೊಳಗಿನ ವೈರು ಬಿಸಿಯಾಗುತ್ತದೆ. ಹೊರಗಿನವರನ್ನು ರಾತ್ರಿ ಉಳಿಸಿಕೊಳ್ಳಬಾರದು ಎಂಬ ನಿಯಮವೂ ಸುಮ್ಮನೆ ಬಂದದ್ದಲ್ಲ. ಬೆಂಕಿ ಬಿದ್ದ ರಾತ್ರಿ ಒಳಗೆ ಎಷ್ಟು ಜನ ಇದ್ದಾರೆಂದು ಎಣಿಸಬೇಕಾದವರು ವಾರ್ಡನ್. ಹೀಗಾಗಿ ಒಲೆಯ ವಿಷಯದಲ್ಲಿ ನಿಯಮದಲ್ಲಿ ಹೇಳಿದಷ್ಟು ದಂಡವನ್ನು ಕಟ್ಟಲು ಮನಸ್ಸು ಮಾಡಿಕೊಳ್ಳಿ. ಒಲೆ ಮಾತ್ರ ನಿಮ್ಮ ಸ್ವತ್ತು. ವಶಪಡಿಸಿಕೊಂಡದ್ದಕ್ಕೆ ಲಿಖಿತ ಪಟ್ಟಿ ಕೇಳಿ, ಹಾಸ್ಟೆಲ್ ಬಿಡುವಾಗ ವಾಪಸು ಪಡೆಯಿರಿ.

ಇನ್ನು ಪ್ರಕ್ರಿಯೆ. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿಯೊಂದು ನಕಲು ಆರೋಪದ ಮೇಲೆ ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತು ಕೇಳದೆ ರದ್ದು ಮಾಡಿತ್ತು. ಶಿಕ್ಷಿಸುವ ಮೊದಲು ಆರೋಪ ತಿಳಿಸಿ, ಉತ್ತರಿಸಲು ಅವಕಾಶ ಕೊಡಲೇಬೇಕು ಎಂದು ಸುಪ್ರೀಂ ಕೋರ್ಟ್ 1962ರಲ್ಲಿ ಹೇಳಿತು. ಹಾಸ್ಟೆಲ್‌ನಿಂದ ಹೊರಹಾಕುವುದೂ ಓದಿನ ಮೇಲೆ ನೇರವಾಗಿ ಬೀಳುವ ಶಿಕ್ಷೆ. ಆದ್ದರಿಂದ ಅದಕ್ಕೂ ಮೊದಲು ಕಾರಣ ಕೇಳುವ ನೋಟಿಸ್ ಬರಬೇಕು. ಘಟನೆ ಯಾವ ದಿನದ್ದು, ಯಾವ ನಿಯಮದ ಯಾವ ಅಂಶ ಮುರಿದಿದ್ದೀರಿ, ಯಾವ ಶಿಕ್ಷೆ ಆಲೋಚನೆಯಲ್ಲಿದೆ, ಎಷ್ಟು ದಿನದೊಳಗೆ ಉತ್ತರಿಸಬೇಕು, ಇಷ್ಟೂ ಅದರಲ್ಲಿರಬೇಕು. ನಿಮಗೆ ಬಂದದ್ದು ನೇರವಾಗಿ ಶಿಕ್ಷೆಯ ಪಟ್ಟಿ. ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿಯಾದ ಅಂಶ ಇದೇ.

ಹಾಗೆಂದು ವಿಚಾರಣೆ ಎಂದರೆ ನ್ಯಾಯಾಲಯದ ಕಟಕಟೆ ಎಂದುಕೊಳ್ಳಬೇಡಿ. 1973ರಲ್ಲಿ ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಪ್ರಕರಣದಲ್ಲಿ ಹುಡುಗರು ಹುಡುಗಿಯರ ಹಾಸ್ಟೆಲ್‌ಗೆ ನುಗ್ಗಿದ ಆರೋಪವಿತ್ತು. ಸಮಿತಿಯು ಹುಡುಗಿಯರ ಹೇಳಿಕೆಯನ್ನು ಆರೋಪಿಗಳ ಎದುರು ಪಡೆಯಲಿಲ್ಲ, ದೂರುದಾರರ ಹೆಸರನ್ನೂ ತಿಳಿಸಲಿಲ್ಲ. ಆದರೆ ಆರೋಪವೇನೆಂದು ಹುಡುಗರಿಗೆ ವಿವರಿಸಿ ಅವರ ಉತ್ತರ ಪಡೆದಿತ್ತು. ಅಷ್ಟು ಸಾಕು ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಹೀಗಾಗಿ ದೂರು ಕೊಟ್ಟವರು ಯಾರೆಂದು ತಿಳಿಯುವ ಹಕ್ಕಿಗಾಗಿ, ಪಾಟೀಸವಾಲಿಗಾಗಿ, ವಕೀಲರನ್ನು ಕರೆತರುವ ಹಕ್ಕಿಗಾಗಿ ಜಗ್ಗಾಡಿ ದಣಿಯಬೇಡಿ. ಆರೋಪ ತಿಳಿಸಿ, ಆಧಾರ ತೋರಿಸಿ, ನನ್ನ ಉತ್ತರ ಪಡೆಯಿರಿ, ಆದೇಶದಲ್ಲಿ ಕಾರಣ ಬರೆಯಿರಿ ಎಂಬ ನಾಲ್ಕೇ ಬೇಡಿಕೆಗೆ ಅಂಟಿಕೊಳ್ಳಿ.

ಮೂವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿರುವುದು ಎರಡನೇ ದೋಷ. ಕೋಣೆಯ ಸಾಮಾನು ಮುರಿದು ಯಾರೆಂದು ಗೊತ್ತಾಗದಿದ್ದರೆ ಖರ್ಚನ್ನು ಮೂವರಿಗೂ ಹಂಚುವ ನಿಯಮ ಅನೇಕ ಹಾಸ್ಟೆಲ್‌ಗಳಲ್ಲಿದೆ, ನೀವೂ ಸೇರುವಾಗ ಅದಕ್ಕೆ ಸಹಿ ಹಾಕಿರಬಹುದು. ನಡತೆಯ ತಪ್ಪು ಹಾಗಲ್ಲ. ಅತಿಥಿಯನ್ನು ಕರೆತಂದವರು ಒಬ್ಬರು, ಒಲೆ ಇಟ್ಟವರು ಇನ್ನೊಬ್ಬರು. ಮೂರನೆಯವರು ಏನು ಮಾಡಿದರೆಂದು ಆದೇಶ ಹೇಳಲೇಬೇಕು. ನೀವು ಊರಿನಿಂದ ಅಂದೇ ಬಂದದ್ದಕ್ಕೆ ಪುರಾವೆ ಸುಲಭವಾಗಿ ಸಿಗುತ್ತದೆ. ಔಟ್‌ಪಾಸ್, ಗೇಟಿನ ವಹಿಯಲ್ಲಿನ ಸಹಿ, ಶಕ್ತಿ ಯೋಜನೆಯ ಶೂನ್ಯ ಮೊತ್ತದ ಬಸ್ ಟಿಕೆಟ್ ಎಲ್ಲವೂ ಉಪಯೋಗಕ್ಕೆ ಬರುತ್ತವೆ. ಟಿಕೆಟ್‌ನಲ್ಲಿ ದಿನಾಂಕ, ಸಮಯ, ಹತ್ತಿದ ಮತ್ತು ಇಳಿಯುವ ಜಾಗ ಇರುತ್ತದೆ. ಆ ಕಾಗದದ ಶಾಯಿ ಬೇಗ ಮಾಸುತ್ತದೆ, ಇವತ್ತೇ ಫೋಟೋ ತೆಗೆದಿಡಿ. ಗೇಟಿನ ಸಿ.ಸಿ.ಟಿ.ವಿ. ದೃಶ್ಯವೂ ಹಾಗೆಯೇ: ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಆ ಮೂರು ದಿನಗಳ ದೃಶ್ಯ ಅಳಿಸದಂತೆ ಕಾಯ್ದಿರಿಸಿ ಎಂದು ಈಗಲೇ ಬರೆದು ಕೊಡಿ. ದೃಶ್ಯವನ್ನು ಕೊಡಿ ಎಂದು ಕೇಳುವುದು ಆಮೇಲಿನ ಮಾತು.

24 ಗಂಟೆಯ ಗಡುವಿನ ಬಗ್ಗೆ ಒಂದು ಕಟು ಸತ್ಯ ಹೇಳಬೇಕು. ಹಾಸ್ಟೆಲ್‌ನಲ್ಲಿರುವವರು ಕಾನೂನಿನ ಕಣ್ಣಿನಲ್ಲಿ ಬಾಡಿಗೆದಾರರಲ್ಲ, ಪರವಾನಗಿಯ ಮೇಲೆ ವಾಸಿಸುವವರು. ಬಾಡಿಗೆ ಕಾಯ್ದೆಯ ರಕ್ಷಣೆ ನಿಮಗೆ ಸಿಗದು. ಆದರೆ ಪರವಾನಗಿ ರದ್ದಾದರೂ ಜಾಗ ಬಿಡಲು, ಸಾಮಾನು ಸಾಗಿಸಲು ಸಮಂಜಸ ಸಮಯ ಕೊಡಬೇಕು ಎಂಬ ತತ್ವ 1882ರ ಈಸ್‌ಮೆಂಟ್ ಕಾಯ್ದೆಯ 63ನೇ ಕಲಂನಲ್ಲೇ ಇದೆ. ಪರೀಕ್ಷೆಗೆ ತಿಂಗಳಿರುವಾಗ, ಹೊರ ಊರಿನ ವಿದ್ಯಾರ್ಥಿನಿಗೆ ಒಂದು ದಿನ ಸಮಂಜಸ ಅಲ್ಲ. ಹಲ್ಲೆ, ಮಾದಕ ವಸ್ತುವಿನಂಥ ಆರೋಪವಿದ್ದು ಉಳಿದವರ ಸುರಕ್ಷತೆಯ ಪ್ರಶ್ನೆ ಬಂದಾಗ ತಕ್ಷಣ ಬೇರೆಡೆಗೆ ಕಳಿಸುವುದನ್ನು ಒಪ್ಪಬಹುದು. ಒಲೆಗೂ ಅತಿಥಿಗೂ ಅಂಥ ತುರ್ತಿಲ್ಲ.

ಈಗ ಇವತ್ತಿನ ಕೆಲಸಕ್ಕೆ ಬನ್ನಿ. ನೋಟಿಸ್ ಬೋರ್ಡಿನ ಫೋಟೋವನ್ನು ಸಹಿ, ಮೊಹರು, ಕಡತ ಸಂಖ್ಯೆ, ದಿನಾಂಕ ಕಾಣುವಂತೆ ತೆಗೆಯಿರಿ. ಅಂದಿನ ರಾತ್ರಿ ಯಾರು ಬಂದರು, ಎಷ್ಟು ಗಂಟೆಗೆ, ಏನು ಮುಟ್ಟಿದರು, ಏನು ಕೇಳಿದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಒಂದು ಹಾಳೆಯಲ್ಲಿ ಬರೆದು ದಿನಾಂಕ ಹಾಕಿ. ಪ್ರವೇಶದ ವೇಳೆ ಕೊಟ್ಟ ಹಾಸ್ಟೆಲ್ ಕೈಪಿಡಿ, ನೀವೂ ಪೋಷಕರೂ ಸಹಿ ಮಾಡಿದ ಮುಚ್ಚಳಿಕೆ ಪತ್ರ, ಠೇವಣಿ ಮತ್ತು ಮೆಸ್ ರಸೀದಿಗಳನ್ನು ಒಟ್ಟುಮಾಡಿ. ಕೈಪಿಡಿ ಸಿಗದಿದ್ದರೆ ಅದೂ ಒಂದು ಅಂಶ. ತೋರಿಸದ ನಿಯಮ ಮುರಿದರೆಂದು ಶಿಕ್ಷಿಸುವುದು ಕಷ್ಟ.

ಆಮೇಲೆ ಪತ್ರ. ವಾರ್ಡನ್ ಅವರಿಗೆ ಬರೆದು, ಪ್ರತಿಯನ್ನು ಮುಖ್ಯ ಕ್ಷೇಮಪಾಲಕರಿಗೆ, ಆಡಳಿತ ಕುಲಸಚಿವರಿಗೆ, ನಿಮ್ಮ ವಿಭಾಗದ ಅಧ್ಯಕ್ಷರಿಗೆ ಕಳಿಸಿ. ಇ-ಮೇಲ್ ಮಾಡಿ, ಜೊತೆಗೆ ಕಾಗದದ ಪ್ರತಿಯನ್ನು ಆಡಳಿತ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ವಾರ್ಡನ್ ಕೋಣೆಯಲ್ಲಿ ಬಾಯಿಮಾತಲ್ಲಿ ಎಷ್ಟು ಅತ್ತರೂ ನಾಳೆ ಅದಕ್ಕೆ ದಾಖಲೆಯಿಲ್ಲ. ಪತ್ರ ಒಂದು ಪುಟ ಮೀರದಿರಲಿ. ಹೀಗೆ ಬರೆಯಬಹುದು:

"ದಿನಾಂಕ … ರಂದು ನೋಟಿಸ್ ಬೋರ್ಡಿನಲ್ಲಿ ಪ್ರಕಟವಾದ ಆದೇಶವನ್ನು ಓದಿದ್ದೇನೆ. ಅದಕ್ಕೂ ಮೊದಲು ನನಗೆ ಲಿಖಿತ ಆರೋಪವನ್ನಾಗಲಿ, ಉತ್ತರಿಸುವ ಅವಕಾಶವನ್ನಾಗಲಿ ನೀಡಿಲ್ಲ. ಕೋಣೆಯಲ್ಲಿ ದೊರೆತ ಇಂಡಕ್ಷನ್ ಒಲೆ ನನ್ನದು. ಅದನ್ನು ಇಟ್ಟುಕೊಂಡದ್ದಕ್ಕೆ ವಿಷಾದಿಸುತ್ತೇನೆ. ಹೊರಗಿನ ವ್ಯಕ್ತಿಯ ವಾಸ್ತವ್ಯಕ್ಕೂ ನನಗೂ ಸಂಬಂಧವಿಲ್ಲ. ದಿನಾಂಕ … ರಿಂದ … ರವರೆಗೆ ನಾನು ಊರಿನಲ್ಲಿದ್ದೆ, ದಾಖಲೆ ಲಗತ್ತಿಸಿದೆ. ತಪಾಸಣೆಯ ವಹಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿ, ಶಿಕ್ಷೆಗೆ ಆಧಾರವಾದ ನಿಯಮ ಇವುಗಳ ಪ್ರತಿ ನೀಡಬೇಕೆಂದೂ, ಗೇಟಿನ ಸಿ.ಸಿ.ಟಿ.ವಿ. ದೃಶ್ಯವನ್ನು ಕಾಯ್ದಿರಿಸಬೇಕೆಂದೂ, ನನ್ನ ಅಹವಾಲು ಕೇಳಿ ಕಾರಣಸಹಿತ ಆದೇಶ ನೀಡುವವರೆಗೆ ಸದರಿ ಆದೇಶವನ್ನು ತಡೆಹಿಡಿಯಬೇಕೆಂದೂ ಕೋರುತ್ತೇನೆ."

ಒಪ್ಪಿಕೊಂಡದ್ದು ಒಲೆಯನ್ನು ಮಾತ್ರ ಎಂಬುದನ್ನು ಗಮನಿಸಿ. ತಪ್ಪೊಪ್ಪಿಗೆಯ ಬಲೆ ಇರುವುದು ಅಲ್ಲೇ. "ನನ್ನ ಮೇಲಿನ ಎಲ್ಲ ಆರೋಪಗಳನ್ನೂ ಒಪ್ಪಿರುತ್ತೇನೆ, ಯಾವುದೇ ಕ್ರಮಕ್ಕೆ ಬದ್ಧಳಾಗಿರುತ್ತೇನೆ" ಎಂಬ ಸಿದ್ಧ ವಾಕ್ಯಕ್ಕೆ ಸಹಿ ಬಿದ್ದರೆ ಮುಂದಿನ ಎಲ್ಲ ಮೇಲ್ಮನವಿಯಲ್ಲೂ ಅದೇ ಹಾಳೆ ನಿಮ್ಮೆದುರು ಬಂದು ಕೂರುತ್ತದೆ. ಸಹಿ ಮಾಡಲೇಬೇಕೆಂದು ಕೂರಿಸಿಕೊಂಡರೆ, ನಡೆದದ್ದನ್ನು ನಿಮ್ಮದೇ ಅಕ್ಷರದಲ್ಲಿ ಬರೆಯಿರಿ, ಖಾಲಿ ಬಿಟ್ಟ ಜಾಗಕ್ಕೆ ಗೆರೆ ಎಳೆಯಿರಿ, ಸಹಿಯ ಪಕ್ಕ ದಿನಾಂಕದ ಜೊತೆ ಸಮಯವನ್ನೂ ಹಾಕಿ, ಫೋಟೋ ತೆಗೆದುಕೊಳ್ಳಿ. ಖಾಲಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ. ಒತ್ತಾಯದಿಂದ ಬರೆಸಿಕೊಂಡಿದ್ದರೆ ಅದೇ ದಿನ ಕುಲಸಚಿವರಿಗೆ ಇ-ಮೇಲ್‌ನಲ್ಲಿ ತಿಳಿಸಿ. ವಾರ ಬಿಟ್ಟು ಹೇಳಿದರೆ ಯಾರೂ ನಂಬುವುದಿಲ್ಲ.

ದಂಡದ ದುಡ್ಡು ವಿಶ್ವವಿದ್ಯಾಲಯದ ಖಾತೆಗೆ ಚಲನ್ ಮೂಲಕ ಹೋಗಬೇಕು, ರಸೀದಿ ಬರಬೇಕು. ಯಾರದೋ ಸ್ವಂತ ಫೋನ್‌ಪೇ ಸಂಖ್ಯೆಗೆ ಹಾಕಬೇಡಿ, ಕೈಯಲ್ಲಿ ನಗದು ಕೊಡಬೇಡಿ. 5000 ಎಂಬ ಮೊತ್ತ ಯಾವ ನಿಯಮದಲ್ಲಿದೆ ಎಂದು ಕೇಳಿ. ನಿಯಮದಲ್ಲಿ 1000 ಇದ್ದು ನೋಟಿಸಿನಲ್ಲಿ 5000 ಇದ್ದರೆ ಉಳಿದದ್ದಕ್ಕೆ ಆಧಾರವಿಲ್ಲ. ಠೇವಣಿಯಂತೂ ದಂಡದ ಹುಂಡಿಯಲ್ಲ. ಅದು ಬಾಕಿ ಮತ್ತು ಹಾನಿಯ ಖಾತರಿಗೆ ಇಟ್ಟ ನಿಮ್ಮ ಹಣ. ಕಡಿತವಿದ್ದರೆ ಯಾವುದಕ್ಕೆ ಎಷ್ಟು ಎಂಬ ಲೆಕ್ಕ ಕೊಡಬೇಕು. ಪ್ರವೇಶವನ್ನೇ ರದ್ದು ಮಾಡಿಕೊಂಡು ಹೋಗುವವರಿಗೆ ಠೇವಣಿಯನ್ನು ಪೂರ್ತಿ ಮರಳಿಸಬೇಕೆಂದು ಯು.ಜಿ.ಸಿ. (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರಲ್ಲೇ ಹೇಳಿದೆ, ಮೂಲ ಅಂಕಪಟ್ಟಿಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿದೆ. ಓದು ಮುಂದುವರಿಸಿ ಹಾಸ್ಟೆಲ್ ಮಾತ್ರ ಬಿಡುವವರ ಠೇವಣಿಗೆ ಆಯಾ ಹಾಸ್ಟೆಲ್‌ನ ನಿಯಮವೇ ಆಧಾರ, ಅದನ್ನು ಓದಿಕೊಂಡೇ ಕೇಳಿ.

ಪರೀಕ್ಷೆ ಹತ್ತಿರವಿದ್ದಾಗ "ನೋ ಡ್ಯೂ (ಬಾಕಿ ಇಲ್ಲವೆಂಬ ಪತ್ರ) ಇಲ್ಲದೆ ಹಾಲ್ ಟಿಕೆಟ್ ಇಲ್ಲ" ಎನ್ನುವುದು ಮಾಮೂಲು ಒತ್ತಡ. ಇಲ್ಲಿ ಹಟ ಬೇಡ. ಹಾಲ್ ಟಿಕೆಟ್‌ಗೂ ದಂಡಕ್ಕೂ ಗಂಟು ಹಾಕುವ ನಿಯಮ ಯಾವುದೆಂದು ಮೌಲ್ಯಮಾಪನ ಕುಲಸಚಿವರಿಗೆ ಪತ್ರ ಬರೆಯಿರಿ. ಎರಡು-ಮೂರು ದಿನದಲ್ಲಿ ಉತ್ತರ ಬಾರದಿದ್ದರೆ "ನನ್ನ ಆಕ್ಷೇಪಣೆಗೆ ಒಳಪಟ್ಟು ಪಾವತಿಸಿದ್ದೇನೆ, ಅಂತಿಮ ತೀರ್ಮಾನದಂತೆ ಮರುಪಾವತಿ ಕೋರುತ್ತೇನೆ" ಎಂದು ಲಿಖಿತವಾಗಿ ತಿಳಿಸಿ ಹಣ ಕಟ್ಟಿ, ಪರೀಕ್ಷೆ ಬರೆಯಿರಿ. ಹಣ ಆಮೇಲೆ ವಾಪಸು ಬಂದೀತು, ತಪ್ಪಿಹೋದ ಸೆಮಿಸ್ಟರ್ ಬಾರದು.

ಫೋನಿನ ವಿಷಯ ಬೇರೆಯೇ ತೂಕದ್ದು. ಸೇರುವಾಗ ನೀವು ಸಹಿ ಹಾಕಿದ ಮುಚ್ಚಳಿಕೆ ಕೋಣೆಯ ತಪಾಸಣೆಗೆ ಒಪ್ಪಿಗೆ ಕೊಟ್ಟಿರಬಹುದು. ಫೋನು ತೆರೆಸಿ ಖಾಸಗಿ ಮಾತುಕತೆ ಓದುವುದಕ್ಕೆ ಅದು ಒಪ್ಪಿಗೆಯಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. 2019ರಲ್ಲಿ ಕೇರಳ ಹೈಕೋರ್ಟ್ ಇನ್ನೂ ಹತ್ತಿರದ ಪ್ರಶ್ನೆಯನ್ನು ನೋಡಿತು. ಸಂಜೆ ಆರರಿಂದ ಹತ್ತರವರೆಗೆ ಮೊಬೈಲ್ ಬಳಸಬಾರದೆಂಬ ಹಾಸ್ಟೆಲ್ ನಿಯಮವನ್ನು ಒಪ್ಪದ ವಿದ್ಯಾರ್ಥಿನಿಯನ್ನು ಹೊರಹಾಕಲಾಗಿತ್ತು. ಇಂಟರ್‌ನೆಟ್ ಬಳಕೆ ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಎಂದು ಹೇಳಿ ಆಕೆಯನ್ನು ಮರಳಿ ಸೇರಿಸಿಕೊಳ್ಳಲು ನ್ಯಾಯಾಲಯ ಆದೇಶಿಸಿತು. ನಿಮ್ಮ ಪತ್ರದಲ್ಲಿ ಫೋನಿನ ಬಗ್ಗೆ ಪ್ರತ್ಯೇಕ ಪ್ಯಾರಾ ಇರಲಿ: ಯಾರು, ಎಷ್ಟು ಹೊತ್ತು, ಏನು ನೋಡಿದರು, ಸ್ಕ್ರೀನ್ ಫೋಟೋ ತೆಗೆದರೇ. ತೆಗೆದಿದ್ದರೆ ಅಳಿಸಬೇಕೆಂದು ಕೇಳಿ. ಮುಂದೆ ಯಾರಾದರೂ ಕೇಳಿದರೆ ಕಿತ್ತಾಡದೆ, "ಲಾಕ್ ತೆರೆಯುವುದಿಲ್ಲ, ಬೇಕಿದ್ದರೆ ಲಿಖಿತವಾಗಿ ಕೇಳಿ" ಎಂದಷ್ಟೇ ಹೇಳಿ.

ನಿಮ್ಮ ಪತ್ರಕ್ಕೆ ಉತ್ತರ ಬಾರದಿದ್ದರೆ ಅಥವಾ ಹಳೆಯ ಆದೇಶವೇ ಗಟ್ಟಿ ಎಂದರೆ ಮುಂದಿನ ಮೆಟ್ಟಿಲು ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ. ಯು.ಜಿ.ಸಿ.ಯ 2023ರ ನಿಯಮಾವಳಿಯಂತೆ ಪ್ರತಿ ವಿಶ್ವವಿದ್ಯಾಲಯದಲ್ಲೂ ಕಾಲೇಜಿನಲ್ಲೂ ಇದು ಇರಬೇಕು. ಪ್ರಾಧ್ಯಾಪಕರೊಬ್ಬರು ಅಧ್ಯಕ್ಷರು, ನಾಲ್ವರು ಹಿರಿಯ ಅಧ್ಯಾಪಕರು ಸದಸ್ಯರು, ಒಬ್ಬ ವಿದ್ಯಾರ್ಥಿ ಪ್ರತಿನಿಧಿ ವಿಶೇಷ ಆಹ್ವಾನಿತರು. ಇವರಲ್ಲಿ ಕನಿಷ್ಠ ಒಬ್ಬ ಮಹಿಳೆ ಇರಲೇಬೇಕು, ಪರಿಶಿಷ್ಟ ಜಾತಿ, ಪಂಗಡ ಅಥವಾ ಹಿಂದುಳಿದ ವರ್ಗದ ಒಬ್ಬರೂ ಇರಲೇಬೇಕು. ಸಂಸ್ಥೆ ತನ್ನದೇ ನಿಯಮಕ್ಕೆ ವಿರುದ್ಧವಾಗಿ ನಡೆದುಕೊಂಡರೆ ಅದು ಈ ಸಮಿತಿಯ ವ್ಯಾಪ್ತಿಗೆ ಬರುವ ದೂರು, ಆದ್ದರಿಂದ ದೂರಿನಲ್ಲಿ "ಅನ್ಯಾಯವಾಗಿದೆ" ಎಂಬ ಮಾತಿಗಿಂತ "ಕೈಪಿಡಿಯ ಇಂಥ ನಿಯಮದಂತೆ ನೋಟಿಸ್ ಕೊಡಬೇಕಿತ್ತು, ಕೊಟ್ಟಿಲ್ಲ" ಎಂಬ ವಾಕ್ಯ ಹೆಚ್ಚು ಕೆಲಸ ಮಾಡುತ್ತದೆ. ವಿಶ್ವವಿದ್ಯಾಲಯದ ಜಾಲತಾಣದ ಪೋರ್ಟಲ್‌ನಲ್ಲೇ ದೂರು ಹಾಕಿ, ದೂರಿನ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ದೂರನ್ನು ಸಂಸ್ಥೆ 15 ದಿನದೊಳಗೆ ಸಮಿತಿಗೆ ಕಳಿಸಬೇಕು, ಸಮಿತಿ ತನಗೆ ಬಂದ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ವಿಚಾರಣೆಗೆ ನೀವೇ ಹೋಗಬಹುದು, ಪ್ರತಿನಿಧಿಯನ್ನೂ ಕಳಿಸಬಹುದು. ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಗೆ, ಮೇಲ್ಮನವಿ. ಆ ಹುದ್ದೆಯಲ್ಲಿ ನಿವೃತ್ತ ಕುಲಪತಿ, ಹಿರಿಯ ನಿವೃತ್ತ ಪ್ರಾಧ್ಯಾಪಕರು ಅಥವಾ ಮಾಜಿ ಜಿಲ್ಲಾ ನ್ಯಾಯಾಧೀಶರು ಇರುತ್ತಾರೆ. ಅವರಿಗೆ 30 ದಿನದ ಗಡುವು.

ಈ ಗಡುವುಗಳನ್ನು ಕೂಡಿಸಿ ನೋಡಿದರೆ ಎರಡು-ಮೂರು ತಿಂಗಳಾಗುತ್ತದೆ. ನಿಮ್ಮ ಕೋಣೆಗೆ ನಾಳೆಯೇ ಬೀಗ ಬೀಳುವಂತಿದ್ದರೆ ಅಷ್ಟು ಕಾಯಲಾಗದು. ಆಗ ಉಳಿಯುವುದು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ, ಜೊತೆಗೆ ತಡೆಯಾಜ್ಞೆಯ ಕೋರಿಕೆ. ನಿಮ್ಮ ವಿಶ್ವವಿದ್ಯಾಲಯ ಯಾವ ಜಿಲ್ಲೆಯಲ್ಲಿದೆ ಎಂಬುದರ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠ. ಖರ್ಚಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಅಲ್ಲಿಗೆ ಹೋಗುವಾಗ ಮೊಹರು ಬಿದ್ದ ನಿಮ್ಮ ಪತ್ರ ಕೈಯಲ್ಲಿರಲಿ. ಮೊದಲು ಸಂಸ್ಥೆಯನ್ನೇ ಕೇಳಿದಿರಾ ಎಂಬುದು ಅಲ್ಲಿ ಎದುರಾಗುವ ಮೊದಲ ಪ್ರಶ್ನೆ. ಕೈಪಿಡಿ, ತಪಾಸಣೆ ವಹಿಯ ಪ್ರತಿ ಕೊಡದಿದ್ದರೆ 10 ರೂ. ಶುಲ್ಕದೊಂದಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಬರಬೇಕು. ಅದು ನಿಧಾನದ ದಾರಿ, ಆದರೆ ಮೇಲ್ಮನವಿ ಹೊತ್ತಿಗೆ ನೆರವಾಗುತ್ತದೆ.

ದೂರಿನ ಸ್ವರೂಪ ಬೇರೆಯಾದರೆ ಬಾಗಿಲೂ ಬೇರೆ. ಹಿರಿಯ ವಿದ್ಯಾರ್ಥಿಗಳ ಕಿರುಕುಳವಾದರೆ ರ‍್ಯಾಗಿಂಗ್ ತಡೆ ಸಹಾಯವಾಣಿ 1800-180-5522, ಅದು ದಿನದ 24 ಗಂಟೆಯೂ ಇರುತ್ತದೆ. ಲೈಂಗಿಕ ಕಿರುಕುಳವಾದರೆ ಆಂತರಿಕ ದೂರು ಸಮಿತಿಗೆ ಮೂರು ತಿಂಗಳೊಳಗೆ. ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲ್‌ನಲ್ಲಿ ಇರುವವರು ನಿಲಯ ಪಾಲಕರ ಮೇಲಿನ ತಾಲ್ಲೂಕು, ಜಿಲ್ಲಾ ಅಧಿಕಾರಿಗಳಿಗೆ ಬರೆಯಬೇಕು. ಖಾಸಗಿ ಪಿ.ಜಿ.ಯ ಜಗಳಕ್ಕೆ ವಿಶ್ವವಿದ್ಯಾಲಯದ ಕುಂದುಕೊರತೆ ಸಮಿತಿಯ ದಾರಿ ಅನ್ವಯಿಸದು.

ಕೊನೆಗೆ ಗೇಟಿನ ಪ್ರಶ್ನೆ. ಖಂಡಿತ ಕೇಳಬಹುದು, ಮತ್ತು ಕೇಳಬೇಕು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳ ತಡೆಯ ಬಗ್ಗೆ ಯು.ಜಿ.ಸಿ. 2015ರಲ್ಲಿ ಹೊರಡಿಸಿದ ನಿಯಮಾವಳಿಯೇ ಹೇಳುತ್ತದೆ: ಸುರಕ್ಷತೆಯ ನೆಪ ಹೇಳಿ ಹುಡುಗರಿಗಿಲ್ಲದ ತಾರತಮ್ಯದ ನಿಯಮಗಳನ್ನು ಹುಡುಗಿಯರ ಹಾಸ್ಟೆಲ್ ಮೇಲೆ ಹೇರುವಂತಿಲ್ಲ. ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನ ವಿದ್ಯಾರ್ಥಿನಿಯರು ರಾತ್ರಿ ಒಂಬತ್ತೂವರೆಯ ನಿರ್ಬಂಧವನ್ನು 2022ರಲ್ಲಿ ಕೇರಳ ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ, ಹುಡುಗಿಯರನ್ನು ಮಾತ್ರ ಏಕೆ ಕೂಡಿಹಾಕಬೇಕೆಂದು ನ್ಯಾಯಾಲಯ ಸರ್ಕಾರವನ್ನು ಕೇಳಿತು, ಸರ್ಕಾರ ಇಬ್ಬರಿಗೂ ಒಂದೇ ಸಮಯ ಗೊತ್ತುಮಾಡಿ ಆದೇಶ ಹೊರಡಿಸಿತು. ಆ ತೀರ್ಪು ಕರ್ನಾಟಕದಲ್ಲಿ ಕಡ್ಡಾಯವಲ್ಲ, ಆದರೆ ಯು.ಜಿ.ಸಿ. ನಿಯಮ ನಿಮ್ಮ ವಿಶ್ವವಿದ್ಯಾಲಯಕ್ಕೂ ಅನ್ವಯಿಸುತ್ತದೆ. ಎಲ್ಲರಿಗೂ ಸಮಾನವಾದ ಗೇಟಿನ ಸಮಯ ಇರಬಾರದೆಂದು ಯಾರೂ ಹೇಳಿಲ್ಲ, ಹಾಗಾಗಿ ಗೇಟೇ ಬೇಡ ಎಂದು ಕೇಳಬೇಡಿ. ಎರಡೂ ಹಾಸ್ಟೆಲ್‌ಗೆ ಒಂದೇ ಸಮಯ, ಗ್ರಂಥಾಲಯ ಮತ್ತು ಲ್ಯಾಬ್‌ನಿಂದ ತಡವಾಗಿ ಬರುವವರಿಗೆ ವಹಿಯಲ್ಲಿ ಸಹಿ ಹಾಕಿ ಒಳಬರುವ ಅವಕಾಶ, ದಾರಿಗೆ ದೀಪ ಎಂದು ಕೇಳಿ.

ಈ ಬೇಡಿಕೆಯನ್ನು ನಿಮ್ಮ ಶಿಕ್ಷೆಯ ಪತ್ರಕ್ಕೆ ಸೇರಿಸಬೇಡಿ. ಶಿಸ್ತು ಕ್ರಮ ತಪ್ಪಿಸಿಕೊಳ್ಳಲು ಎತ್ತಿದ ಮಾತೆಂದು ತಳ್ಳಿಹಾಕುತ್ತಾರೆ. ನಿಮ್ಮ ಪ್ರಕರಣ ಮುಗಿದ ಮೇಲೆ, ಬೇರೆ ಬೇರೆ ವಿಭಾಗದ ಹಾಸ್ಟೆಲ್ ವಾಸಿಗಳೆಲ್ಲ ಸಹಿ ಮಾಡಿದ ಪ್ರತ್ಯೇಕ ಮನವಿಯಾಗಿ ಅದನ್ನು ಕುಲಪತಿಗಳಿಗೆ ಕೊಡಿ.